ಅರವತ್ತಕ್ಕೆ ಅರಳು ಮರಳು: ದಿನಕ್ಕೆ ಲಕ್ಷ ನರಕೋಶ ಸಾಯುವುದು ನಿಜವೇ?

ಮೂರನೇ ಮಗಳು

ನಮಸ್ಕಾರ. ಅಮ್ಮನಿಗೆ ಈಗ 69. ಆರೇಳು ತಿಂಗಳಿನಿಂದ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಿದ್ದಾರೆ. ಬೆಳಿಗ್ಗೆ ಮಾತ್ರೆ ನುಂಗಿದ್ದು ನೆನಪಿರುವುದಿಲ್ಲ, ಇನ್ನೊಮ್ಮೆ ನುಂಗಲು ಹೋಗುತ್ತಾರೆ. ಕಳೆದ ವಾರ ಒಲೆಯ ಮೇಲೆ ನೀರಿಟ್ಟು ಮಲಗಿಬಿಟ್ಟರು. ಪಾತ್ರೆ ಸೀದು ಮನೆಯೆಲ್ಲ ಹೊಗೆ.

ವೈದ್ಯರ ಬಳಿ ಕರೆದುಕೊಂಡು ಹೋಗೋಣ ಎಂದರೆ ಅಣ್ಣ ಒಪ್ಪುತ್ತಿಲ್ಲ. "ಅರವತ್ತಕ್ಕೆ ಅರಳು ಮರಳು ಎಂದು ಹಿರಿಯರು ಸುಮ್ಮನೆ ಹೇಳಿದರೇ? ವಯಸ್ಸಾದ ಮೇಲೆ ಮಿದುಳಿನಲ್ಲಿ ದಿನಕ್ಕೆ ಒಂದು ಲಕ್ಷ ನರಕೋಶ ಸಾಯುತ್ತವೆ. ಸತ್ತದ್ದು ಮತ್ತೆ ಹುಟ್ಟುವುದಿಲ್ಲ. ಇದಕ್ಕೆ ಯಾವ ವೈದ್ಯರು ಏನು ಮಾಡುತ್ತಾರೆ?" ಎನ್ನುತ್ತಾನೆ. ಅವನು ಓದಿಕೊಂಡವನು, ನನಗೆ ಎದುರು ಮಾತು ಸಿಗುವುದಿಲ್ಲ. ಈ ಲಕ್ಷದ ಲೆಕ್ಕ ನಿಜವೇ? ನಿಜವಾದರೆ ಅಣ್ಣ ಹೇಳುವುದೂ ಸರಿಯೇ? ತಿಳಿದವರು ದಯವಿಟ್ಟು ಹೇಳಿ.

ಸಂಜೆ ನಡಿಗೆ

ನಾವು ಶಾಲೆಯಲ್ಲಿ ಓದಿದ್ದೂ ಅದೇ. ಮದ್ಯ ಕುಡಿದರೆ ಇನ್ನೂ ಹೆಚ್ಚು ಸಾಯುತ್ತವೆ ಎಂದೂ ಹೇಳಿಕೊಟ್ಟಿದ್ದರು.

ಸೂಕ್ಷ್ಮದರ್ಶಕ

ನಾನು ಮೂವತ್ತು ವರ್ಷ ಅಂಗರಚನಾಶಾಸ್ತ್ರ ಕಲಿಸಿದವನು. ಈ ಮಾತು ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇದನ್ನು ತಪ್ಪಾಗಿ ಕಲಿಸಿದವರಲ್ಲಿ ಒಂದು ಕಾಲಕ್ಕೆ ನಾನೂ ಇದ್ದೆ.

1955ರಲ್ಲಿ ಹೆರಾಲ್ಡ್ ಬ್ರಾಡಿ ಎಂಬ ವಿಜ್ಞಾನಿ ಬೇರೆ ಬೇರೆ ವಯಸ್ಸಿನಲ್ಲಿ ತೀರಿಕೊಂಡವರ ಮಿದುಳಿನ ತೆಳುವಾದ ಸೀಳುಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನರಕೋಶಗಳನ್ನು ಎಣಿಸಿದರು. ವಯಸ್ಸಾದವರ ಮಿದುಳಿನ ಹೊರಪದರದಲ್ಲಿ ಕೋಶಗಳು ತೀರಾ ಕಡಿಮೆ ಕಂಡವು. ಮುಂದೆ ಹಲವು ದಶಕ ಪಠ್ಯಪುಸ್ತಕಗಳಲ್ಲಿ ನಿಂತದ್ದು ಅದೇ ಚಿತ್ರ. ಆದರೆ ಎಣಿಕೆಯಲ್ಲೇ ಒಂದು ತೊಡಕಿತ್ತು. ಮಿದುಳನ್ನು ಕೆಡದಂತೆ ರಾಸಾಯನಿಕದಲ್ಲಿ ಹಾಕಿಟ್ಟಾಗ ಅದು ಕುಗ್ಗುತ್ತದೆ. ಎಳೆಯರ ಮಿದುಳು ಹೆಚ್ಚು ಕುಗ್ಗುತ್ತದೆ, ಮುದುಕರದು ಕಡಿಮೆ. ಹೆಚ್ಚು ಕುಗ್ಗಿದ ಅಂಗಾಂಶದಲ್ಲಿ ಕೋಶಗಳು ಒತ್ತೊತ್ತಾಗಿ ಕಾಣುತ್ತವೆ. ಒಂದೇ ಅಳತೆಯ ಚೌಕದಲ್ಲಿ ಎಣಿಸಿದರೆ ಎಳೆಯರಲ್ಲಿ ಜಾಸ್ತಿ, ಮುದುಕರಲ್ಲಿ ಕಡಿಮೆ ಎಂದು ಬರುವುದು ಸಹಜ.

ಆಮೇಲೆ ಇಡೀ ಭಾಗದ ಒಟ್ಟು ಕೋಶಗಳನ್ನು ಅಂದಾಜಿಸುವ ಹೊಸ ವಿಧಾನ ಬಂತು. 1997ರಲ್ಲಿ ಡೆನ್ಮಾರ್ಕಿನ ಪಾಕೆನ್‌ಬರ್ಗ್ ಮತ್ತು ಗುಂಡರ್ಸನ್ ಅವರು 20ರಿಂದ 90 ವರ್ಷದವರೆಗಿನ 94 ಮಿದುಳುಗಳನ್ನು ಎಣಿಸಿದರು. ಹೊರಪದರದಲ್ಲಿ ಹೆಂಗಸರಿಗೆ ಸುಮಾರು 1,900 ಕೋಟಿ, ಗಂಡಸರಿಗೆ ಸುಮಾರು 2,300 ಕೋಟಿ ನರಕೋಶ. ಇಪ್ಪತ್ತಕ್ಕೂ ತೊಂಬತ್ತಕ್ಕೂ ನಡುವಿನ ವ್ಯತ್ಯಾಸ ಸುಮಾರು ಶೇ 10 ಮಾತ್ರ. ಆದ್ದರಿಂದ ನಿಮ್ಮ ಅಣ್ಣನ ಲಕ್ಷದ ಮಾತು ಹಳೆಯ ಭಯದ ಮಾತು.

ಗಣಿತದ ಹುಚ್ಚು

ಸರ್, ಒಂದು ನಿಮಿಷ. ನಿಮ್ಮ ಅಂಕಿಗಳನ್ನೇ ಇಟ್ಟುಕೊಂಡು ಲೆಕ್ಕ ಹಾಕಿದೆ. ಸರಾಸರಿ 2,100 ಕೋಟಿ ಎಂದುಕೊಳ್ಳೋಣ. ಅದರ ಶೇ 10 ಎಂದರೆ 210 ಕೋಟಿ. ಎಪ್ಪತ್ತು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 3 ಕೋಟಿ, ದಿನಕ್ಕೆ ಸುಮಾರು 82,000. ಲಕ್ಷಕ್ಕೆ ಬಹಳ ದೂರವೇನೂ ಇಲ್ಲ! ಅಣ್ಣನ ಸಂಖ್ಯೆ ಹೆಚ್ಚುಕಡಿಮೆ ಸರಿಯೇ ಇದೆ. ತಪ್ಪಿರುವುದು ಅದರಿಂದ ಅವರು ತೆಗೆದ ತೀರ್ಮಾನ. ಲಕ್ಷ ಎಂದ ಕೂಡಲೇ ಎದೆ ಝಲ್ಲೆನ್ನುತ್ತದೆ, ಹತ್ತರಲ್ಲಿ ಒಂದು ಪಾಲು ಎಪ್ಪತ್ತು ವರ್ಷದಲ್ಲಿ ಹೋಯಿತು ಎಂದರೆ ಯಾರೂ ಹೆದರುವುದಿಲ್ಲ. ಎರಡೂ ಒಂದೇ ಲೆಕ್ಕ.

ಸೂಕ್ಷ್ಮದರ್ಶಕ

ಒಪ್ಪಿದೆ. ಭಯದ ಮಾತು ಎಂದದ್ದು ಅವಸರವಾಯಿತು, ಸಂಖ್ಯೆಯ ಮಟ್ಟಿಗೆ ನೀವು ಹೇಳಿದ್ದೇ ಸರಿ. ಆದರೆ ಆ 82,000 ಎಂಬುದು ಯಾರದೋ ತಲೆಯೊಳಗೆ ದಿನವೂ ನಡೆಯುವುದನ್ನು ಎಣಿಸಿ ಬಂದದ್ದಲ್ಲ. ಬೇರೆ ಬೇರೆ ಜನರ ಮಿದುಳುಗಳನ್ನು ಪಕ್ಕಪಕ್ಕ ಇಟ್ಟು ತೆಗೆದ ಸರಾಸರಿ. ಒಂದೇ ವಯಸ್ಸಿನ ಇಬ್ಬರ ನಡುವೆಯೇ ಈ ಶೇ 10ಕ್ಕಿಂತ ದೊಡ್ಡ ವ್ಯತ್ಯಾಸ ಇರುತ್ತದೆ.

ಇನ್ನೂ ಮುಖ್ಯವಾದದ್ದು ಎಷ್ಟು ಎಂಬುದಲ್ಲ, ಎಲ್ಲಿ ಎಂಬುದು. ನೆನಪಿನ ಹೆಬ್ಬಾಗಿಲಂತಿರುವ ಎಂಟೊರೈನಲ್ ಹೊರಪದರ ಎಂಬ ಚಿಕ್ಕ ಜಾಗವಿದೆ. 1996ರಲ್ಲಿ ಪ್ರಕಟವಾದ ಎಣಿಕೆಯೊಂದರಲ್ಲಿ, ಬುದ್ಧಿ ಚುರುಕಾಗಿದ್ದ 60ರಿಂದ 90 ವರ್ಷದವರಲ್ಲಿ ಅಲ್ಲಿನ ಕೋಶಗಳು ಕಡಿಮೆಯಾಗಿಯೇ ಇರಲಿಲ್ಲ. ಆದರೆ ಅಲ್ಝೈಮರ್‌ನ, ಎಂದರೆ ನೆನಪು ಕ್ರಮೇಣ ಅಳಿಸಿಹೋಗುವ ಮಿದುಳಿನ ಕಾಯಿಲೆಯ, ಅತ್ಯಂತ ಆರಂಭದ ಹಂತದವರಲ್ಲಿ, ಎಂದರೆ ಮನೆಯವರಿಗೆ ಆಗಷ್ಟೇ ಅನುಮಾನ ಬರುವ ಹಂತದಲ್ಲಿ, ಅದೇ ಜಾಗದ ಎರಡನೇ ಪದರದ ಕೋಶಗಳಲ್ಲಿ ಶೇ 60ರಷ್ಟು ಆಗಲೇ ಹೋಗಿದ್ದವು. ಕಾಯಿಲೆ ತೀವ್ರವಾದವರಲ್ಲಿ ಶೇ 90. ಪಕ್ಕದಲ್ಲಿರುವ, ಹೊಸ ನೆನಪು ಕಟ್ಟುವ ಹಿಪೊಕ್ಯಾಂಪಸ್ ಎಂಬ ಭಾಗದಲ್ಲೂ ಹೀಗೆಯೇ: 1994ರ ಅಧ್ಯಯನವೊಂದರಲ್ಲಿ ಅದರ ಒಂದು ಭಾಗದ ಕೋಶಗಳು ಅಲ್ಝೈಮರ್ ರೋಗಿಗಳಲ್ಲಿ ಶೇ 68ರಷ್ಟು ಕಡಿಮೆ, ಆರೋಗ್ಯವಂತ ವೃದ್ಧರಲ್ಲಿ ಆ ನಷ್ಟವೇ ಇಲ್ಲ.

ವಯಸ್ಸು ಬೇರೆ, ಕಾಯಿಲೆ ಬೇರೆ. ಮುಪ್ಪು ಜಾಸ್ತಿಯಾಗಿ ಅಲ್ಝೈಮರ್ ಆಗುವುದಿಲ್ಲ. ನಿಮ್ಮ ಅಣ್ಣ ಕಲಸಿಬಿಟ್ಟಿರುವುದು ಈ ಎರಡನ್ನು.

ಹಿರಿಯ ದಾದಿ

ಎಣಿಕೆ ಆಮೇಲೆ ಆಗಲಿ. ಒಲೆ ಉರಿಯುತ್ತಿದ್ದ ಮನೆಯ ಬಗ್ಗೆ ಆ ಹುಡುಗಿ ಬರೆದಿದ್ದಾಳೆ, ಯಾರೂ ಅದನ್ನು ಎತ್ತಲೇ ಇಲ್ಲ!

ತಂಗಿ, ಮೊದಲು ಮಾತ್ರೆಗಳನ್ನು ನಿನ್ನ ಕೈಗೆ ತೆಗೆದುಕೊ. ರಕ್ತದೊತ್ತಡದ್ದೋ ಸಕ್ಕರೆಯದ್ದೋ ಎರಡು ಸಲ ನುಂಗಿದರೆ ಮರೆವಿಗಿಂತ ದೊಡ್ಡ ಅಪಾಯ. ಆಮೇಲೆ ಅಮ್ಮನನ್ನು ವೈದ್ಯರಿಗೆ ತೋರಿಸು, ಅಣ್ಣ ಒಪ್ಪಲಿ ಬಿಡಲಿ.

ಮರೆವೆಲ್ಲ ನರಕೋಶ ಸತ್ತೇ ಬರಬೇಕೆಂದಿಲ್ಲ. ವಿಟಮಿನ್ ಬಿ12 ಕೊರತೆಯಿಂದ ಬರುತ್ತದೆ. ಥೈರಾಯ್ಡ್ ಕಡಿಮೆ ಕೆಲಸ ಮಾಡಿದರೆ ಬರುತ್ತದೆ. ಖಿನ್ನತೆಯಿಂದ ಬರುತ್ತದೆ. ನಿದ್ದೆಗೆ, ಅಲರ್ಜಿಗೆ, ಮೂತ್ರದ ತೊಂದರೆಗೆ ಕೊಡುವ ಕೆಲವು ಮಾತ್ರೆಗಳೂ ವಯಸ್ಸಾದವರ ತಲೆಯನ್ನು ಮಂಕಾಗಿಸುತ್ತವೆ. ನಾನು ವಾರ್ಡಿನಲ್ಲಿದ್ದಾಗ ಒಬ್ಬರು ಅಜ್ಜಿ ಬಂದಿದ್ದರು. ಮಗನ ಹೆಸರೇ ನೆನಪಿಲ್ಲ, ನಡೆದರೆ ವಾಲುತ್ತಾರೆ. ಮನೆಯವರು "ವಯಸ್ಸು" ಎಂದು ಎರಡು ತಿಂಗಳು ಕೂತಿದ್ದರು. ಸ್ಕ್ಯಾನ್ ಮಾಡಿದರೆ ತಲೆಬುರುಡೆಯ ಒಳಗೆ, ಮಿದುಳಿನ ಮೇಲೆ ರಕ್ತ ಕಟ್ಟಿಕೊಂಡು ಒತ್ತುತ್ತಿತ್ತು. ಯಾವಾಗಲೋ ಬಾಗಿಲಿಗೆ ತಲೆ ತಾಗಿತ್ತಂತೆ, ಅಷ್ಟೆ. ರಕ್ತ ತೆಗೆದ ಕೆಲವು ದಿನಕ್ಕೆ ಮಗನನ್ನು ಹೆಸರು ಹಿಡಿದು ಕರೆದರು. ಆ ಮಗ ಅತ್ತದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

ಮೂರನೇ ಮಗಳು

ಅಕ್ಕ, ಮಾತ್ರೆ ಡಬ್ಬಿಯನ್ನು ಈಗಲೇ ನನ್ನ ಕೋಣೆಗೆ ತಂದಿಟ್ಟೆ. ಅಮ್ಮ ರಾತ್ರಿ ನಿದ್ದೆ ಬರುವುದಿಲ್ಲವೆಂದು ಒಂದು ಮಾತ್ರೆ ತೆಗೆದುಕೊಳ್ಳುತ್ತಾರೆ, ಎರಡು ವರ್ಷದಿಂದ. ಅದೂ ಕಾರಣವಾಗಿರಬಹುದೇ?

ಹಿರಿಯ ದಾದಿ

ಇರಬಹುದು. ಡಬ್ಬಿಯನ್ನೇ ವೈದ್ಯರಿಗೆ ತೋರಿಸು. ಆದರೆ ನೀನಾಗಿ ಒಮ್ಮೆಲೇ ನಿಲ್ಲಿಸಬೇಡ. ಕೆಲವು ನಿದ್ದೆ ಮಾತ್ರೆಗಳನ್ನು ಥಟ್ಟನೆ ಬಿಟ್ಟರೆ ಬೇರೆ ತೊಂದರೆಯಾಗುತ್ತದೆ.

ಕಿಟಕಿ ಪಕ್ಕದ ಸೀಟು

"ವಯಸ್ಸು" ಎಂಬ ಒಂದು ಪದದ ಮೇಲೆ ನನಗೆ ಇರುವಷ್ಟು ಸಿಟ್ಟು ಇನ್ನಾವುದರ ಮೇಲೂ ಇಲ್ಲ.

ಅಪ್ಪನಿಗೆ ಮೊದಲು ಹೋದದ್ದು ವಾಸನೆ. ಹೊಗೆ ಬಂದರೂ ಗೊತ್ತಾಗುತ್ತಿರಲಿಲ್ಲ. ವಯಸ್ಸು ಎಂದೆವು. ಆಮೇಲೆ ಅಕ್ಷರ ಚಿಕ್ಕದಾಗುತ್ತಾ ಬಂತು, ಸಾಲಿನ ಕೊನೆಗೆ ಇರುವೆಯಷ್ಟು. ಕಣ್ಣು ಮಂಜಾಗಿದೆ ಎಂದೆವು. ನಿದ್ದೆಯಲ್ಲಿ ಕೈಕಾಲು ಬಡಿಯುತ್ತಾ ಕೂಗುತ್ತಿದ್ದರು. ಕೆಟ್ಟ ಕನಸು ಎಂದೆವು. ಬಲಗೈ ನಡುಗಲು ಶುರುವಾದ ಮೇಲೆ ವೈದ್ಯರ ಬಳಿ ಹೋದದ್ದು. ಪಾರ್ಕಿನ್ಸನ್ ಎಂದರು. ನಡುಕ ಕಾಣುವ ಹೊತ್ತಿಗೆ ಸಂಬಂಧಪಟ್ಟ ನರಕೋಶಗಳಲ್ಲಿ ಅರ್ಧದಷ್ಟು ಆಗಲೇ ಹೋಗಿರುತ್ತವೆ ಎಂದು ಅವರು ಹೇಳಿದಾಗ ನಾನು ಕುರ್ಚಿಯಿಂದ ಏಳಲಾರದೆ ಕೂತಿದ್ದೆ. ಅಷ್ಟು ವರ್ಷ ಅಪ್ಪನ ಮಿದುಳು ನಮ್ಮೆದುರಿಗೇ ಸೂಚನೆ ಕೊಡುತ್ತಿತ್ತು, ನಾವು ಬೇರೆ ಬೇರೆ ಹೆಸರಿಟ್ಟುಕೊಂಡು ಕೂತಿದ್ದೆವು.

ತಾಳೆಗರಿ

ಬೇಸರ ಮಾಡಿಕೊಳ್ಳಬೇಡಿ, ಆದರೆ ಮೊದಲೇ ಗೊತ್ತಾಗಿದ್ದರೂ ಏನು ಮಾಡುತ್ತಿದ್ದಿರಿ? ಕೋಶ ಸಾಯುವುದನ್ನು ತಡೆಯುವ ಔಷಧ ಪಾರ್ಕಿನ್ಸನ್‌ಗೆ ಇವತ್ತಿಗೂ ಇಲ್ಲ. ಲೆವೊಡೋಪ ಎಂಬ ಔಷಧ ಕೊಡುವುದು ಡೋಪಮೀನ್ ಎಂಬ ಸಂದೇಶವಾಹಕ ರಾಸಾಯನಿಕದ ಕೊರತೆ ತುಂಬುವುದಕ್ಕೆ, ಕೋಶ ಉಳಿಸುವುದಕ್ಕಲ್ಲ.

ಕಿಟಕಿ ಪಕ್ಕದ ಸೀಟು

ಏನು ಮಾಡುತ್ತಿದ್ದೆವೇ? ಆ ಮೂರು ವರ್ಷ ಅವರನ್ನು "ಎಷ್ಟು ನಿಧಾನ ನಿಮ್ಮದು" ಎಂದು ಬೈಯುತ್ತಿರಲಿಲ್ಲ. ಅಷ್ಟು ಸಾಲದೇ?

ಇನ್ನು ಔಷಧದ ಮಾತು. ಕೋಶ ಉಳಿಸುವುದಿಲ್ಲ, ನಿಜ. ಆದರೆ ಲೆವೊಡೋಪ ಶುರುವಾದ ಮೇಲೆ ಅಪ್ಪ ತಾವೇ ಅಂಗಿಯ ಗುಂಡಿ ಹಾಕಿಕೊಂಡರು. ಎಂಟು ತಿಂಗಳಿನಿಂದ ಅದನ್ನು ನಾನು ಹಾಕುತ್ತಿದ್ದೆ. ಇದನ್ನು ಚಿಕ್ಕದು ಎನ್ನುವವರು ಆ ಮನೆಯಲ್ಲಿ ಇದ್ದವರಲ್ಲ.

ತಾಳೆಗರಿ

ನಾನು ಕೇಳಿದ ರೀತಿ ಸರಿಯಿರಲಿಲ್ಲ. ಕ್ಷಮಿಸಿ.

ಸೂಕ್ಷ್ಮದರ್ಶಕ

ಪಾರ್ಕಿನ್ಸನ್ ವಿಷಯ ಬಂದದ್ದರಿಂದ ಹೇಳುತ್ತೇನೆ, ವಯಸ್ಸಿಗೂ ಕಾಯಿಲೆಗೂ ಇರುವ ಅಂತರ ಕಣ್ಣಿಗೇ ಕಾಣುವ ಜಾಗ ಇದು. ನಡುಮಿದುಳನ್ನು ಅಡ್ಡಲಾಗಿ ಕತ್ತರಿಸಿದರೆ ಎರಡು ಕಪ್ಪು ಪಟ್ಟೆ ಕಾಣುತ್ತವೆ. ಸಬ್‌ಸ್ಟಾನ್ಷಿಯಾ ನೈಗ್ರ ಎಂಬ ಹೆಸರಿನ ಅರ್ಥವೇ ಕಪ್ಪು ವಸ್ತು. ಡೋಪಮೀನ್ ತಯಾರಿಸುವ ಕೋಶಗಳಲ್ಲಿ ಸೇರಿಕೊಳ್ಳುವ ವರ್ಣದ್ರವ್ಯ ಅದು. ಪಾರ್ಕಿನ್ಸನ್ ಇದ್ದವರ ಮಿದುಳಿನಲ್ಲಿ ಆ ಪಟ್ಟೆ ಮಸುಕಾಗಿರುತ್ತದೆ, ಬರಿಗಣ್ಣಿಗೇ. ವಿದ್ಯಾರ್ಥಿಗಳಿಗೆ ಎರಡನ್ನೂ ಪಕ್ಕದಲ್ಲಿಟ್ಟು ತೋರಿಸಿದಾಗ ತರಗತಿ ಸ್ತಬ್ಧವಾಗುತ್ತಿತ್ತು.

1991ರಲ್ಲಿ ಫರ್ನ್‌ಲಿ ಮತ್ತು ಲೀಸ್ ಈ ಕೋಶಗಳನ್ನು ಎಣಿಸಿದರು. ಕಾಯಿಲೆ ಇಲ್ಲದವರಲ್ಲಿ ಹತ್ತು ವರ್ಷಕ್ಕೆ ಶೇ 5ಕ್ಕಿಂತ ತುಸು ಕಡಿಮೆ ನಷ್ಟ. ಪಾರ್ಕಿನ್ಸನ್‌ನ ಮೊದಲ ಹತ್ತು ವರ್ಷದಲ್ಲಿ ಶೇ 45. ಸಾಲದ್ದಕ್ಕೆ, ವಯಸ್ಸಿನಿಂದ ಹೋಗುವ ಕೋಶಗಳು ಇರುವ ಜಾಗವೇ ಬೇರೆ, ಕಾಯಿಲೆಯಿಂದ ಮೊದಲು ಹೋಗುವ ಜಾಗವೇ ಬೇರೆ. ಆದ್ದರಿಂದ ಇದು ವೇಗ ಹೆಚ್ಚಾದ ಮುಪ್ಪು ಎನ್ನುವ ವಾದ ನಿಲ್ಲುವುದಿಲ್ಲ.

ಪದಕೋಶ

ವಿಷಯ ಸ್ವಲ್ಪ ಬದಲಿಸುತ್ತೇನೆ. "ಅರಳು ಮರಳು" ಎನ್ನುವುದನ್ನು "ಅರಳು ಮರುಳು" ಎಂದು ಹೇಳುವವರೂ ಇದ್ದಾರೆ. ಮರುಳು ಎಂದರೆ ಭ್ರಮೆ, ಹುಚ್ಚು. ಗಾದೆಯಲ್ಲಿ ಅರವತ್ತು ಎಂದಿದೆ ಎಂಬುದನ್ನು ಗಮನಿಸಿ. ಅರವತ್ತು ದಾಟುವುದೇ ಅಪರೂಪವಾಗಿದ್ದ ಕಾಲದಲ್ಲಿ ಹುಟ್ಟಿದ ಮಾತಿರಬೇಕು ಅದು. ಇವತ್ತು ಅರವತ್ತಕ್ಕೆ ಮರುಳಾದವರಿಗಿಂತ ಆಗದವರೇ ಎಷ್ಟೋ ಪಾಲು ಹೆಚ್ಚು. ಗಾದೆಯನ್ನು ಗಾದೆಯಾಗಿ ಇಟ್ಟುಕೊಳ್ಳೋಣ, ಅದನ್ನು ವೈದ್ಯರ ಚೀಟಿ ಮಾಡುವುದು ಬೇಡ.

ಸಂಜೆ ನಡಿಗೆ

ನನಗೆ 72. ಪಕ್ಕದ ಮನೆಯವರ ಹೆಸರು ನಾಲಿಗೆಯ ತುದಿಯಲ್ಲಿ ನಿಂತುಬಿಡುತ್ತದೆ, ಅರ್ಧ ಗಂಟೆಯ ನಂತರ ತಾನಾಗಿ ಬರುತ್ತದೆ. ಕೋಶ ಸತ್ತಿಲ್ಲ ಎಂದಾದರೆ ಇದು ಏನು?

ಸೂಕ್ಷ್ಮದರ್ಶಕ

ಅರ್ಧ ಗಂಟೆಯ ನಂತರ ಬಂದಿತಲ್ಲ, ಹೆಸರು ಅಲ್ಲೇ ಇದೆ ಎಂದಾಯಿತು. ದಾರಿ ನಿಧಾನವಾಗಿದೆ. ಕೋಶಗಳಿಗಿಂತ ಅವುಗಳ ನಡುವಿನ ತಂತುಗಳಿಗೆ ವಯಸ್ಸಿನ ಪೆಟ್ಟು ಜೋರಾಗಿ ಬೀಳುತ್ತದೆ. ಕೊಬ್ಬಿನ ಹೊದಿಕೆ ಇರುವ ಈ ತಂತುಗಳನ್ನೆಲ್ಲ ಜೋಡಿಸಿದರೆ ಇಪ್ಪತ್ತು ವರ್ಷದ ಗಂಡಸಿನ ಮಿದುಳಿನಲ್ಲಿ ಸುಮಾರು 1,76,000 ಕಿಲೋಮೀಟರ್ ಉದ್ದವಾಗುತ್ತದೆ ಎಂದು 2003ರಲ್ಲಿ ಅಂದಾಜಿಸಿದರು. ಎಂಬತ್ತರ ಹೊತ್ತಿಗೆ ಅದರಲ್ಲಿ ಶೇ 45 ಇರುವುದಿಲ್ಲ. ಸಣ್ಣ ತಂತುಗಳೇ ಹೆಚ್ಚಾಗಿ ಹೋಗುವುದು.

ಗಣಿತದ ಹುಚ್ಚು

ಎಂದರೆ ಊರಿನ ಮನೆಗಳು ಹಾಗೆಯೇ ಇವೆ, ಓಣಿಗಳು ಮುಚ್ಚಿಹೋಗಿವೆ. ಸುತ್ತುಬಳಸಿ ಹೋಗಬೇಕು.

ಸೂಕ್ಷ್ಮದರ್ಶಕ

ಹೌದು, ಹಾಗೆಯೇ. ಇನ್ನೊಂದು ಸೇರಿಸಬೇಕು. ಅಲ್ಝೈಮರ್‌ನಲ್ಲಿಯೂ ಮರೆವಿನ ಪ್ರಮಾಣಕ್ಕೆ ಹತ್ತಿರವಾಗಿ ಹೊಂದುವುದು ಕೋಶಗಳ ಕೂಡುಜಾಗವಾದ ಸಿನಾಪ್ಸ್‌ಗಳ ನಷ್ಟ ಎಂದು 1990ರ ಆಸುಪಾಸಿನ ಅಧ್ಯಯನಗಳೇ ತೋರಿಸಿದವು. ಕೋಶ ಸಾಯುವುದಕ್ಕೆ ಬಹಳ ಮುಂಚೆ ಅದು ಮಾತು ನಿಲ್ಲಿಸಿರುತ್ತದೆ.

ಹೊಸ ಚಿಗುರು

ಯಾರೂ ಹೊಸ ಕೋಶಗಳ ಬಗ್ಗೆ ಹೇಳುತ್ತಲೇ ಇಲ್ಲವಲ್ಲ! "ಸತ್ತದ್ದು ಮತ್ತೆ ಹುಟ್ಟುವುದಿಲ್ಲ" ಎನ್ನುವುದು ಹಳೆಯ ಸಿದ್ಧಾಂತ. ದೊಡ್ಡವರ ಹಿಪೊಕ್ಯಾಂಪಸ್‌ನಲ್ಲಿ ಹೊಸ ನರಕೋಶ ಹುಟ್ಟುತ್ತವೆ ಎಂದು 1998ರಲ್ಲೇ ಗೊತ್ತಾಗಿದೆ. 2013ರ ಸ್ವೀಡನ್ ಅಧ್ಯಯನದಲ್ಲಿ ದಿನಕ್ಕೆ ಸುಮಾರು 700 ಎಂಬ ಲೆಕ್ಕವೂ ಸಿಕ್ಕಿತು. ನಾನು ಜೀವಶಾಸ್ತ್ರದ ವಿದ್ಯಾರ್ಥಿ, ನಮ್ಮ ಪಠ್ಯದಲ್ಲೇ ಇದೆ.

ತಾಳೆಗರಿ

ಪಠ್ಯದಲ್ಲಿ ಇರುವುದೆಲ್ಲ ಇತ್ಯರ್ಥವಾಗಿದೆ ಎಂದಲ್ಲ, ಈಗ ತಾನೇ ಬ್ರಾಡಿಯ ಕಥೆ ಓದಿದೆವು. 2018ರಲ್ಲಿ ಒಂದು ತಂಡ ದೊಡ್ಡವರ ಹಿಪೊಕ್ಯಾಂಪಸ್‌ನಲ್ಲಿ ಹುಡುಕಿ, ಒಂದೇ ಒಂದು ಎಳೆಯ ಕೋಶವೂ ಸಿಗಲಿಲ್ಲ ಎಂದು ಪ್ರಕಟಿಸಿತು.

ಹೊಸ ಚಿಗುರು

ಅದೇ 2018ರಲ್ಲಿ, ಒಂದೇ ತಿಂಗಳ ಅಂತರದಲ್ಲಿ, ಇನ್ನೊಂದು ತಂಡ ಎಪ್ಪತ್ತು ದಾಟಿದವರಲ್ಲೂ ಸಿಕ್ಕಿವೆ ಎಂದಿತು. ಮರುವರ್ಷ ಸ್ಪೇನಿನ ತಂಡವೂ ಇವೆ ಎಂದಿತು, ಅಲ್ಝೈಮರ್ ಇದ್ದವರಲ್ಲಿ ಕಡಿಮೆ ಎಂದೂ ಹೇಳಿತು. ನೀವು ಒಂದನ್ನು ಮಾತ್ರ ಆರಿಸಿಕೊಂಡಿದ್ದೀರಿ.

ತಾಳೆಗರಿ

ನೀವೂ ಆರಿಸಿಕೊಂಡೇ ಶುರು ಮಾಡಿದ್ದು.

ಸೂಕ್ಷ್ಮದರ್ಶಕ

ಇಬ್ಬರೂ ಓದಿದ್ದೀರಿ, ನನಗೆ ಸಂತೋಷ. ಜಗಳದ ಬೇರು ಬಹುಪಾಲು ಮತ್ತೆ ಅದೇ ರಾಸಾಯನಿಕದಲ್ಲಿದೆ. ಎಳೆಯ ಕೋಶವನ್ನು ಗುರುತಿಸುವ ಪ್ರೋಟೀನ್, ವ್ಯಕ್ತಿ ತೀರಿಕೊಂಡ ಮೇಲೆ ಬೇಗ ಹಾಳಾಗುತ್ತದೆ. ಮಿದುಳನ್ನು ಎಷ್ಟು ಹೊತ್ತಿನ ನಂತರ ರಾಸಾಯನಿಕಕ್ಕೆ ಹಾಕಿದರು, ಎಷ್ಟು ಕಾಲ ಅದರಲ್ಲೇ ಇಟ್ಟರು ಎನ್ನುವುದರ ಮೇಲೆ ಫಲಿತಾಂಶವೇ ಬದಲಾಗುತ್ತದೆ.

ಸ್ವೀಡನ್ನಿನವರ ವಿಧಾನ ನನಗೆ ಬಹಳ ಮೆಚ್ಚುಗೆ. 1950 ಮತ್ತು 60ರ ದಶಕದ ಪರಮಾಣು ಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಇಂಗಾಲ-14 ಎಂಬ ವಿಕಿರಣಶೀಲ ಇಂಗಾಲ ಹೆಚ್ಚಾಯಿತು, ಆಮೇಲೆ ವರ್ಷವರ್ಷಕ್ಕೂ ಇಳಿಯಿತು. ಕೋಶ ಹುಟ್ಟಿದ ವರ್ಷದ ಗಾಳಿಯ ಗುರುತು ಅದರ ಡಿಎನ್‌ಎಯಲ್ಲಿ ಉಳಿದುಬಿಡುತ್ತದೆ. ಅದನ್ನು ಅಳೆದು ಕೋಶದ ಹುಟ್ಟಿದ ವರ್ಷ ಕಂಡುಹಿಡಿದರು. ಹೊರಪದರದ ನರಕೋಶಗಳು ಮನುಷ್ಯನಷ್ಟೇ ಹಳೆಯವು ಎಂದು ತೋರಿದ್ದೂ ಇದೇ ವಿಧಾನ. ಆದ್ದರಿಂದ ಹಿಪೊಕ್ಯಾಂಪಸ್ ಬಗ್ಗೆ ನೀವಿಬ್ಬರೂ ವಾದ ಮುಂದುವರಿಸಬಹುದು, ಹೊರಪದರದಲ್ಲಿ ಹೋದದ್ದು ಹೋಯಿತು. ದಿನಕ್ಕೆ 700 ಎಂದುಕೊಂಡರೂ ಅದು ಅಲ್ಝೈಮರ್‌ನ ನಷ್ಟ ತುಂಬುವ ಪ್ರಮಾಣವಲ್ಲ.

ಗಣಿತದ ಹುಚ್ಚು

ಪ್ರಮಾಣದ ಮಾತು ಬಂತು, ಇನ್ನೊಂದು ಲೆಕ್ಕ. ದೊಡ್ಡ ರಕ್ತನಾಳ ಮುಚ್ಚಿ ಆಗುವ ಪಾರ್ಶ್ವವಾಯುವಿನಲ್ಲಿ, ಚಿಕಿತ್ಸೆ ಸಿಗದಿದ್ದರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಎಂದು 2006ರಲ್ಲಿ ಸೇವರ್ ಎಂಬ ನರತಜ್ಞರು ಅಂದಾಜಿಸಿದ್ದಾರೆ. ಮೇಲಿನ 82,000ದಿಂದ ಭಾಗಿಸಿ ನೋಡಿದೆ. ಒಂದು ನಿಮಿಷ ತಡವಾದರೆ ಇಪ್ಪತ್ತಮೂರು ದಿನದ ಮುಪ್ಪು.  ಇದನ್ನು ಬರೆಯುವಾಗ ನನ್ನ ಕೈ ತಣ್ಣಗಾಯಿತು.

ಹಿರಿಯ ದಾದಿ

ಈ ಲೆಕ್ಕವನ್ನು ಎಲ್ಲರೂ ಎರಡು ಸಲ ಓದಿ. ಬಾಯಿ ಒಂದು ಕಡೆ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಮಲಗಿಸಿ ನೋಡೋಣ ಎನ್ನಬೇಡಿ. ಹೆಪ್ಪು ಕರಗಿಸುವ ಚುಚ್ಚುಮದ್ದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಾಳದೊಳಗೆ ಕೊಳವೆ ತೂರಿಸಿ ಹೆಪ್ಪನ್ನೇ ಎಳೆದು ತೆಗೆಯುವ ಚಿಕಿತ್ಸೆ ಆಯ್ದ ಕೆಲವರಿಗೆ 24 ಗಂಟೆಯವರೆಗೂ ಸಾಧ್ಯ. ಬೆಳಗಾಗಲಿ ಎಂದು ಕಾದು ಬಂದವರನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ.

ಸಂಜೆ ನಡಿಗೆ

ಮದ್ಯದ ಬಗ್ಗೆ ಯಾರೂ ಹೇಳಲಿಲ್ಲ.

ಸೂಕ್ಷ್ಮದರ್ಶಕ

ಕುಡಿದ ಪ್ರತಿ ಲೋಟಕ್ಕೂ ಇಷ್ಟು ಸಾವಿರ ಕೋಶ ಎಂಬುದಕ್ಕೆ ಆಧಾರವಿಲ್ಲ. ಆದರೆ ವರ್ಷಗಟ್ಟಲೆ ವಿಪರೀತ ಕುಡಿದು, ಸರಿಯಾಗಿ ಉಣ್ಣದೆ, ಥಯಮಿನ್ ಎಂಬ ವಿಟಮಿನ್ ಬರಿದಾದರೆ ನೆನಪಿನ ಕೇಂದ್ರಗಳ ಕೋಶಗಳು ನಿಜವಾಗಿಯೂ ಸಾಯುತ್ತವೆ. ವರ್ನಿಕೆ-ಕೊರ್ಸಕಾಫ್ ಎಂದು ಅದರ ಹೆಸರು. ಆರಂಭದಲ್ಲೇ ಥಯಮಿನ್ ಚುಚ್ಚಿದರೆ ಬಹಳಷ್ಟು ಉಳಿಸಬಹುದು, ತಡವಾದರೆ ಹೊಸ ನೆನಪು ಕಟ್ಟುವ ಶಕ್ತಿಯೇ ಹೋಗುತ್ತದೆ.

ಗಣಿತದ ಹುಚ್ಚು

ಇದಕ್ಕೆ ಸಂಬಂಧವಿಲ್ಲ, ಆದರೆ ತಡೆಯಲಾಗಲಿಲ್ಲ. ಮನುಷ್ಯನ ಇಡೀ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶ. ಆನೆಗೆ ಅದರ ಮೂರು ಪಟ್ಟು, ಸುಮಾರು 25,700 ಕೋಟಿ! ಆದರೆ ಅದರಲ್ಲಿ ಶೇ 98ರಷ್ಟು ಹಿಂಬದಿಯ ಕಿರುಮಿದುಳಿನಲ್ಲೇ ಇವೆ. ನಮಗೂ ಸುಮಾರು 6,900 ಕೋಟಿ ಅಲ್ಲಿಯೇ. ಒಟ್ಟು ಸಂಖ್ಯೆ ನೋಡಿ ಏನೂ ಹೇಳಲಾಗದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಮೌನಿ

ನಾನು ಇಲ್ಲಿ ಬರೆಯುವವನಲ್ಲ, ಓದುತ್ತಿರುತ್ತೇನೆ ಅಷ್ಟೆ. ಒಂದು ಪ್ರಶ್ನೆ. ನಮ್ಮ ಮನೆತನದಲ್ಲಿ ಹಂಟಿಂಗ್ಟನ್ ಕಾಯಿಲೆ ಇದೆ. ದೊಡ್ಡಪ್ಪ ಹೋದರು, ಈಗ ಅಪ್ಪನಿಗೆ. ಕೈಕಾಲು ತಾವಾಗಿ ಕುಣಿದಂತೆ ಆಡುತ್ತವೆ, ಸಿಟ್ಟು ಬಹಳ. ದೋಷವಿರುವ ಜೀನ್ ದೇಹದ ಎಲ್ಲ ಕೋಶಗಳಲ್ಲೂ ಇರುತ್ತದೆ ಎಂದು ವೈದ್ಯರು ಹೇಳಿದರು. ಹಾಗಾದರೆ ಮಿದುಳಿನ ಒಳಗಿನ ಆ ಒಂದು ಗುಂಪಿನ ಕೋಶಗಳೇ ಏಕೆ ಮೊದಲು ಸಾಯುತ್ತವೆ? ಉಳಿದವು ಹೇಗೆ ತಡೆದುಕೊಳ್ಳುತ್ತವೆ?

ಸೂಕ್ಷ್ಮದರ್ಶಕ

ಈ ಇಡೀ ಕ್ಷೇತ್ರದ ಎದೆಯ ಮೇಲೆ ಕೂತಿರುವ ಪ್ರಶ್ನೆಯನ್ನೇ ಕೇಳಿದ್ದೀರಿ. ಹಂಟಿಂಗ್ಟನ್ ಜೀನನ್ನು 1993ರಲ್ಲಿ ಗುರುತಿಸಿದರು. ಸಿಎಜಿ ಎಂಬ ಮೂರಕ್ಷರ ಅದರಲ್ಲಿ 40 ಅಥವಾ ಹೆಚ್ಚು ಸಲ ಪುನರಾವರ್ತನೆಯಾದರೆ ಕಾಯಿಲೆ ಬರುತ್ತದೆ. ಅದರ ಪ್ರೋಟೀನ್ ಎಲ್ಲೆಲ್ಲೂ ಇದ್ದರೂ ಸ್ಟ್ರಯಾಟಮ್ ಎಂಬ ಭಾಗದ ಒಂದು ಜಾತಿಯ ಕೋಶಗಳು ಮೊದಲು ಹೋಗುತ್ತವೆ. ಒಂದು ಸುಳಿವು ಎಂದರೆ, ಆ ಕೋಶಗಳೊಳಗೆ ಈ ಪುನರಾವರ್ತನೆ ಜೀವಮಾನವಿಡೀ ಇನ್ನಷ್ಟು ಉದ್ದವಾಗುತ್ತಾ ಹೋಗುತ್ತದೆ, ರಕ್ತದಲ್ಲಿ ಅಳೆದದ್ದಕ್ಕಿಂತ ಬಹಳ ಹೆಚ್ಚಾಗಿ.

ಬೇರೆ ಕಾಯಿಲೆಗಳಲ್ಲೂ ಬಲಿಯಾಗುವ ಕೋಶಗಳಿಗೆ ಸಾಮ್ಯವಿದೆ. ಸ್ನಾಯುಗಳು ಕ್ರಮೇಣ ಸೋಲುವ ಎಎಲ್‌ಎಸ್ ಎಂಬ ಕಾಯಿಲೆಯಲ್ಲಿ ಸಾಯುವ, ಸ್ನಾಯುಗಳನ್ನು ನಡೆಸುವ ಚಾಲಕ ನರಕೋಶದ ತಂತು ಬೆನ್ನುಹುರಿಯಿಂದ ಪಾದದವರೆಗೆ ಒಂದು ಮೀಟರ್ ಉದ್ದವಿರಬಹುದು. ಪಾರ್ಕಿನ್ಸನ್‌ನಲ್ಲಿ ಸಾಯುವ ಕೋಶ ಲಕ್ಷಗಟ್ಟಲೆ ಕವಲೊಡೆದು, ಹಗಲಿರುಳು ಬಿಡುವಿಲ್ಲದೆ ಮಿಡಿಯುತ್ತದೆ. ಮಿದುಳು ದೇಹದ ತೂಕದಲ್ಲಿ ಶೇ 2, ಬಳಸುವ ಶಕ್ತಿ ಶೇ 20. ಅದರೊಳಗೂ ಅತಿ ಹೆಚ್ಚು ದುಡಿಯುವ ಕೋಶಗಳೇ ಮೊದಲು ಸೋಲುವುದನ್ನು ಮತ್ತೆ ಮತ್ತೆ ಕಾಣುತ್ತೇವೆ.

ಕಿಟಕಿ ಪಕ್ಕದ ಸೀಟು

ಮೌನಿ ಅವರೇ, ನೀವು ಪರೀಕ್ಷೆ ಮಾಡಿಸಿಕೊಂಡಿದ್ದೀರಾ?

ಮೌನಿ

ಇಲ್ಲ. ಅರ್ಧಕ್ಕರ್ಧ ಸಾಧ್ಯತೆ ಎಂದು ಗೊತ್ತು. ತಂಗಿ ಮಾಡಿಸಿಕೊಂಡಳು, ಅವಳಿಗೆ ಇಲ್ಲ. ಅಂದು ಅವಳು ನನ್ನ ಮುಖ ನೋಡಲಾರದೆ ಹೊರಗೆ ನಿಂತಿದ್ದಳು. ನಾನು ಇನ್ನೂ ನಿರ್ಧರಿಸಿಲ್ಲ.

ಹಿರಿಯ ದಾದಿ

ನಿರ್ಧರಿಸದಿರುವುದೂ ನಿನ್ನ ಹಕ್ಕು ತಮ್ಮ. ಯಾರ ಒತ್ತಾಯಕ್ಕೂ ಮಾಡಿಸಬೇಡ. ಮಾಡಿಸುವುದಾದರೆ ಮೊದಲು ಜೆನೆಟಿಕ್ ಆಪ್ತಸಮಾಲೋಚಕರ ಜೊತೆ ಕೂತು ಮಾತಾಡು, ಫಲಿತಾಂಶ ಕೇಳುವ ದಿನ ತಂಗಿಯನ್ನು ಕರೆದುಕೊಂಡು ಹೋಗು.

ಹೊಸ ಚಿಗುರು

ಅಲ್ಝೈಮರ್‌ಗೆ ಹೊಸ ಔಷಧ ಬಂದಿದೆಯಲ್ಲ, ಲೆಕಾನೆಮ್ಯಾಬ್. ಅದನ್ನು ಏಕೆ ಯಾರೂ ಹೇಳುತ್ತಿಲ್ಲ?

ತಾಳೆಗರಿ

ಹೇಳೋಣ, ಪೂರ್ತಿ ಹೇಳೋಣ. ಅಮೆರಿಕದಲ್ಲಿ 2023ರಲ್ಲಿ ಪೂರ್ಣ ಅನುಮತಿ ಸಿಕ್ಕಿತು. ಮಿದುಳಿನಲ್ಲಿ ಕಟ್ಟಿಕೊಂಡ ಅಮಿಲಾಯ್ಡ್ ಪ್ರೋಟೀನನ್ನು ತೆಗೆಯುತ್ತದೆ. ಪ್ರಯೋಗದಲ್ಲಿ 18 ತಿಂಗಳ ಅವಧಿಗೆ ಕುಸಿತದ ವೇಗ ಶೇ 27 ಕಡಿಮೆಯಾಯಿತು. ನಿಲ್ಲಲಿಲ್ಲ, ಹಿಂದಿರುಗಲಿಲ್ಲ. ಕೆಲವರಿಗೆ ಮಿದುಳಿನಲ್ಲಿ ಊತ, ರಕ್ತಸ್ರಾವ ಆಗುವುದರಿಂದ ಮತ್ತೆ ಮತ್ತೆ ಎಂಆರ್‌ಐ ಬೇಕು. ಆರಂಭದ ಹಂತದವರಿಗೆ ಮಾತ್ರ.

ಕಿಟಕಿ ಪಕ್ಕದ ಸೀಟು

ಆರಂಭದ ಹಂತದವರಿಗೆ ಮಾತ್ರ ಎಂದರೆ, "ವಯಸ್ಸು" ಎಂದು ಮನೆಯಲ್ಲಿ ಕೂರಿಸಿದವರಿಗೆ ಆ ಬಾಗಿಲೂ ಮುಚ್ಚಿತು ಎಂದಾಯಿತಲ್ಲವೇ? ಮೊದಲೇ ಗೊತ್ತಾದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದ್ದು ನೀವೇ.

ತಾಳೆಗರಿ

ಹೌದು. ಅಲ್ಝೈಮರ್ ಮಟ್ಟಿಗೆ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಇನ್ನೊಂದು ಮಾತನ್ನೂ ನಾನೇ ಸೇರಿಸುತ್ತೇನೆ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗದ 2024ರ ವರದಿ ಡಿಮೆನ್ಷಿಯಾಕ್ಕೆ, ಎಂದರೆ ಅಲ್ಝೈಮರ್‌ನಂತೆ ನೆನಪು, ಬುದ್ಧಿ ಕುಂದಿಸುವ ಕಾಯಿಲೆಗಳಿಗೆ, ನಾವು ಬದಲಿಸಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿದೆ. ಕಿವಿ ಕೇಳಿಸದಿರುವುದು, ರಕ್ತದೊತ್ತಡ, ಮಧುಮೇಹ, ಧೂಮಪಾನ, ಒಂಟಿತನ, ತಲೆಗೆ ಪೆಟ್ಟು, ದೃಷ್ಟಿದೋಷ ಎಲ್ಲ ಅದರಲ್ಲಿವೆ. ಇವನ್ನೆಲ್ಲ ನಿಭಾಯಿಸಿದರೆ ಪ್ರಪಂಚದ ಸುಮಾರು ಶೇ 45 ಡಿಮೆನ್ಷಿಯಾವನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯ ಎಂದು ಅಂದಾಜು.

ಸಂಜೆ ನಡಿಗೆ

ಕಿವಿಯೂ ಇದೆಯೇ? ನನ್ನ ಶ್ರವಣಯಂತ್ರ ನಾಲ್ಕು ತಿಂಗಳಿನಿಂದ ಪೆಟ್ಟಿಗೆಯಲ್ಲೇ ಇದೆ. ನಾಳೆಯಿಂದ ಹಾಕಿಕೊಳ್ಳುತ್ತೇನೆ.

ಮೂರನೇ ಮಗಳು

ಮೂರು ವಾರ ಬರೆಯಲಾಗಲಿಲ್ಲ, ಕ್ಷಮಿಸಿ. ಇಲ್ಲಿನ ಮಾತುಗಳನ್ನೆಲ್ಲ ಅಣ್ಣನಿಗೆ ಓದಿ ಹೇಳಿದೆ. 82,000ದ ಲೆಕ್ಕ ಬಂದಾಗ "ನೋಡು, ನಾನು ಹೇಳಿದ್ದೇ ಸರಿ" ಎಂದ. ಎಂಟೊರೈನಲ್ ಲೆಕ್ಕಕ್ಕೆ ಬಂದಾಗ ಸುಮ್ಮನಾದ. ಮರುದಿನ ಅವನೇ ವೈದ್ಯರ ಸಮಯ ಕೇಳಿ ಗೊತ್ತುಮಾಡಿದ.

ವೈದ್ಯರು ಅಮ್ಮನಿಗೆ ಒಂದು ಗಡಿಯಾರದ ಚಿತ್ರ ಬರೆದು ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ ಎಂದರು. ಅಮ್ಮ ವೃತ್ತವನ್ನು ಚೆಂದವಾಗಿ ಬರೆದರು, ಅಂಕಿಗಳನ್ನೂ ಸರಿಯಾಗಿ ಬರೆದರು. ಮುಳ್ಳುಗಳನ್ನು ಮಾತ್ರ ಒಂದನ್ನು ಹನ್ನೊಂದಕ್ಕೆ, ಇನ್ನೊಂದನ್ನು ಹತ್ತಕ್ಕೆ ಇಟ್ಟರು. ಅಣ್ಣ ಮುಖ ತಿರುಗಿಸಿಕೊಂಡ.

ಬಿ12 ತುಂಬಾ ಕಡಿಮೆ ಇದೆ, ಚುಚ್ಚುಮದ್ದು ಶುರುವಾಗಿದೆ. ನಿದ್ದೆ ಮಾತ್ರೆಯನ್ನು ಹಂತಹಂತವಾಗಿ ಇಳಿಸುತ್ತಿದ್ದಾರೆ. ಥೈರಾಯ್ಡ್ ಸರಿ ಇದೆ. ಎಂಆರ್‌ಐಯಲ್ಲಿ ಹಿಪೊಕ್ಯಾಂಪಸ್ ವಯಸ್ಸಿಗಿಂತ ಸ್ವಲ್ಪ ಚಿಕ್ಕದಾಗಿದೆಯಂತೆ. ಅಷ್ಟರಿಂದಲೇ ಏನೂ ಹೇಳಲಾಗದು, ಆರು ತಿಂಗಳ ನಂತರ ಮತ್ತೆ ನೋಡೋಣ ಎಂದರು.

ಸೂಕ್ಷ್ಮದರ್ಶಕ

ಸರಿಯಾಗಿ ಹೇಳಿದ್ದಾರೆ. ಬಿ12 ತುಂಬಿ, ಮಾತ್ರೆ ಇಳಿದ ಮೇಲೆ ಉಳಿಯುವ ಮರೆವು ಎಷ್ಟು ಎಂಬುದೇ ಮುಂದಿನ ಉತ್ತರ.

ಕಿಟಕಿ ಪಕ್ಕದ ಸೀಟು

ಅಮ್ಮನನ್ನು ನಡೆಯಲು ಕರೆದುಕೊಂಡು ಹೋಗಿ. 2011ರ ಒಂದು ಪ್ರಯೋಗದಲ್ಲಿ ವರ್ಷವಿಡೀ ವಾರಕ್ಕೆ ಮೂರು ದಿನ ನಡೆದ ಹಿರಿಯರ ಹಿಪೊಕ್ಯಾಂಪಸ್ ಸುಮಾರು ಶೇ 2 ಹಿಗ್ಗಿತ್ತು.

ತಾಳೆಗರಿ

ನಂತರದ ಎಲ್ಲ ಪ್ರಯೋಗಗಳಲ್ಲೂ ಅದೇ ಫಲಿತಾಂಶ ಬಂದಿಲ್ಲ. ಆದರೂ ನಡೆಯಲಿ, ರಕ್ತದೊತ್ತಡಕ್ಕಂತೂ ಒಳ್ಳೆಯದೇ.

ಹಿರಿಯ ದಾದಿ

ಒಲೆಯ ವಿಷಯ ಏನು ಮಾಡಿದೆ?

ಮೂರನೇ ಮಗಳು

ಅಣ್ಣ ತಾನಾಗಿ ಆರಿಹೋಗುವ ಒಲೆ ತಂದಿದ್ದಾನೆ ಅಕ್ಕ. ಅಮ್ಮನಿಗೆ ಅದು ಇಷ್ಟವಿಲ್ಲ, ನನ್ನನ್ನು ಮಗುವಿನ ಹಾಗೆ ನೋಡುತ್ತಿದ್ದೀರಿ ಎನ್ನುತ್ತಾರೆ. ಆದ್ದರಿಂದ ಸಂಜೆ ಅಣ್ಣ ಬಂದು ಪಕ್ಕದಲ್ಲಿ ನಿಲ್ಲುತ್ತಾನೆ, ಅಮ್ಮ ಹಳೆಯ ಒಲೆಯಲ್ಲೇ ಅಡುಗೆ ಮಾಡುತ್ತಾರೆ. ಒಂದೇ ಪ್ರಶ್ನೆಯನ್ನು ನಿನ್ನೆ ನಾಲ್ಕು ಸಲ ಕೇಳಿದರು. ನಾಲ್ಕು ಸಲವೂ ಅವನೇ ಉತ್ತರ ಹೇಳಿದ.